ಐದೂವರೆ ಅಡಿಯ ಸೋಮಾರಿ

ಗೋಡೆಯ ಮೇಲಿನ ಚಿತ್ರವನ್ನು ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, ತಲೆಯನ್ನು ಒಂದು ಕಡೆಗೆ ವಾಲಿಸಿ ನೋಡಿದರೆ, ನೋಡುವವನಿಗೆ ಏನೋ ತಿಳಿದಿದೆ ಎಂದು ಸುತ್ತಲಿನವರು ನಂಬುತ್ತಾರೆ. ಅಳಿಯನಿಗೆ ಈ ಗುಟ್ಟು ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಬೆನ್ನ ಹಿಂದೆ ಏನಿದೆ ಎಂಬುದು. ಎರಡನೇ ಹೆಜ್ಜೆಗೆ ಅವನ ಹಿಂಭಾಗ ಮರದ ಸ್ಟ್ಯಾಂಡೊಂದಕ್ಕೆ ತಗುಲಿತು. ಅದು ಪಕ್ಕದ ಸ್ಟ್ಯಾಂಡಿನ ಹೆಗಲ ಮೇಲೆ ಬಿತ್ತು, ಅದು ಅದರ ಪಕ್ಕದ್ದರ ಮೇಲೆ. ಸಭಾಂಗಣದ ಮಧ್ಯದ ಸಾಲು ಪೂರ್ತಿ, ಬೀದಿಗಳ ಫೋಟೊಗಳ ಸಮೇತ, ದಡದಡನೆ ನೆಲ ಹಿಡಿಯಿತು.

"ಒಂದೇ ಏಟಿಗೆ ಇಷ್ಟೊಂದು ಬೀದಿ! ನಗರಾಭಿವೃದ್ಧಿಯವರಿಗೂ ಇದು ಆಗಿರ್ಲಿಲ್ಲ ಬಿಡಿ," ಎಂದು ಯಾರೋ ಹಿಂದಿನಿಂದ ಅಂದರು. ಎಲ್ಲರೂ ನಕ್ಕರು. ಅಳಿಯನೂ ನಕ್ಕ; ಬೇರೆ ದಾರಿ ಇರಲಿಲ್ಲ.

ಅವನು ಜಾಹೀರಾತುಗಳಿಗೆ ಸಾಲು ಬರೆದು ಬದುಕುವವನು. ಊರಿನವರ ಹಲ್ಲು ಬೆಳ್ಳಗಿರುವುದಕ್ಕೂ ಅಂಗಿಯ ಕಾಲರು ಬೆಳ್ಳಗಿರುವುದಕ್ಕೂ ತಾನೇ ಕಾರಣ ಎಂಬ ಸಣ್ಣ ಭ್ರಮೆ ಅವನಿಗಿತ್ತು. 'ನಮ್ಮ ಬೀದಿಗಳು: ಅಂದು–ಇಂದು' ಎಂಬ ಈ ಪ್ರದರ್ಶನದ ಫೋಟೊಗಳಿಗೆ ಅಡಿಬರಹ ಬರೆದುಕೊಡಿ ಎಂದು ಸಂಘಟಕಿ ಕೇಳಿದಾಗ, ಸಂಭಾವನೆ ಇಲ್ಲ ಎಂದು ಗೊತ್ತಾದ ಮೇಲೂ ಒಪ್ಪಿಕೊಂಡಿದ್ದ. ಒಂದೊಂದು ಸ್ಟ್ಯಾಂಡಿನ ಮೇಲೂ ಎರಡೆರಡು ಚಿತ್ರ. ಎಡಗಡೆ, ಮುಚ್ಚಿಹೋದ ಯಾವುದೋ ಸ್ಟುಡಿಯೋದ ಅಟ್ಟದಲ್ಲಿ ಸಿಕ್ಕ ಹಳೆಯ ಕಪ್ಪು-ಬಿಳುಪು ಫೋಟೊ. ಬಲಗಡೆ, ಅದೇ ಜಾಗದಲ್ಲಿ ನಿಂತು ಈಗ ತೆಗೆದ ಬಣ್ಣದ ಫೋಟೊ. ಎಡಗಡೆ ಹೆಂಚಿನ ಮನೆ, ಬಲಗಡೆ ಗಾಜಿನ ಕಟ್ಟಡ. ಎಡಗಡೆ ಮರ, ಬಲಗಡೆ ಮೇಲ್ಸೇತುವೆಯ ಕಾಲು. ಇದರಲ್ಲಿ ತಮಾಷೆ ಎಲ್ಲಿಂದ ತರುವುದು ಎಂದು ಅವನು ತಲೆ ಕೆರೆದುಕೊಳ್ಳುತ್ತಿದ್ದಾಗ ಆ ಬೆನ್ನು ಕಣ್ಣಿಗೆ ಬಿದ್ದಿತ್ತು.

ಹಳೆಯ ಫೋಟೊಗಳಲ್ಲೆಲ್ಲ ಒಬ್ಬನೇ ಮನುಷ್ಯ. ಯಾವುದಾದರೊಂದು ಮನೆಯ ಮುಂದೆ, ಕ್ಯಾಮೆರಾಕ್ಕೆ ಬೆನ್ನು ಹಾಕಿ, ತಲೆ ತಗ್ಗಿಸಿ, ಸುಮ್ಮನೆ ನಿಂತಿದ್ದಾನೆ. ಅಳಿಯ ಹಿಗ್ಗಿಹೋದ. 'ಪರಿಚಯ ಮಾಡಿಕೊಳ್ಳಿ, ನಮ್ಮೂರಿನ ಮೊದಲ ಸೋಮಾರಿ,' ಎಂದು ಮೊದಲ ಚಿತ್ರದ ಕೆಳಗೆ ಬರೆದ. 'ಇಲ್ಲಿಯೂ ಅವನೇ. ಕಳೆದುಹೋದ ಚಪ್ಪಲಿ ಹುಡುಕುತ್ತಿರಬಹುದು,' ಎಂದು ಮುಂದಿನದಕ್ಕೆ. 'ಬೀದಿ ಬದಲಾಯಿತು, ಮಹಾಶಯರು ಮಾತ್ರ ಅಲುಗಿಲ್ಲ,' ಎಂದು ಇನ್ನೊಂದಕ್ಕೆ. ಸಂಘಟಕಿ ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, 'ಬೆನ್ನು ಹಾಕಿ ನಿಂತ ಸೋಮಾರಿಯನ್ನು ಹುಡುಕಿ!' ಎಂದು ಬಾಗಿಲಲ್ಲೇ ದೊಡ್ಡ ಅಕ್ಷರದ ಫಲಕ ಹಾಕಿಸಿದ್ದಳು.

ಈಗ ಅಳಿಯ ನೆಲದ ಮೇಲೆ ಮಂಡಿಯೂರಿ, ತಾನೇ ಕೆಡವಿದ ಬೀದಿಗಳನ್ನು ಒಂದೊಂದಾಗಿ ಎತ್ತುತ್ತಿದ್ದ. ಇಷ್ಟು ಹತ್ತಿರದಿಂದ ಈ ಚಿತ್ರಗಳನ್ನು ಅವನು ನೋಡಿರಲಿಲ್ಲ. ಬರೆದುಕೊಟ್ಟದ್ದು ಮೊಬೈಲಿನಲ್ಲಿ ಬಂದ ಹೆಬ್ಬೆರಳಿನಷ್ಟು ಚಿತ್ರ ನೋಡಿ. ಇಲ್ಲಿ ಸೋಮಾರಿ ಮೊಳದುದ್ದ ಇದ್ದ. ಅವನ ಬಲಗೈ ಬೆನ್ನ ಹಿಂದಿನಿಂದ ಹಾದು ಎಡ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಆ ಹಿಡಿತ ಅಳಿಯನಿಗೆ ಗೊತ್ತು. ಮನೆಯಲ್ಲಿ ದಿನಾ ನೋಡುತ್ತಾನೆ. ಕಿಟಕಿಯ ಹತ್ತಿರ ನಿಂತರೂ, ಡಾಕ್ಟರ ಬಾಗಿಲಲ್ಲಿ ಸರದಿ ಕಾಯುತ್ತಿದ್ದರೂ ಮಾವ ನಿಲ್ಲುವುದೇ ಹಾಗೆ. "ಕಳ್ಳನ್ನ ಹಿಡ್ಕೊಂಡು ಬಂದ ಪೊಲೀಸೂ ಇವರೇ, ಕಳ್ಳನೂ ಇವರೇ," ಎಂದು ಅತ್ತೆ ಹಂಗಿಸುವುದು, ಮೊಮ್ಮಕ್ಕಳು ಅದೇ ಭಂಗಿಯಲ್ಲಿ ಹಿಂದೆ ಬಂದು ನಿಲ್ಲುವುದು, ಅಳಿಯ ಹೊಟ್ಟೆ ಹಿಡಿದು ನಗುವುದು ಮನೆಯ ಮಾಮೂಲು.

ಫೋಟೊದ ಸೋಮಾರಿ ಮಾವನೇ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ, ಮಾವನ ಕೆಲಸ ಏನಾಗಿತ್ತು ಎಂದು ಅವನು ಕೇಳಿದ್ದು ಒಂದೇ ಸಲ, ಮದುವೆಗೆ ಮುಂಚೆ.

"ಸ್ಟುಡಿಯೋದಲ್ಲಿದ್ದೆ," ಅಂದಿದ್ದರು ಮಾವ.

"ಫೋಟೊ ತೆಗೀತಿದ್ರಾ?"

"ಇಲ್ಲ. ಇರ್ತಿದ್ದೆ."

ಎಲ್ಲರೂ ನಕ್ಕಿದ್ದರು, ಮಾತು ಅಲ್ಲಿಗೇ ಮುಗಿದಿತ್ತು. ಮಾವ ಫೋಟೊ ಅಂದರೆ ಮರೆಗೆ ಕಂಬ ಹುಡುಕುವ ಮನುಷ್ಯ. ಮದುವೆಯ ಆಲ್ಬಮ್ಮಿನಲ್ಲಿ ಮಗಳನ್ನು ಧಾರೆ ಎರೆದುಕೊಟ್ಟ ತಂದೆಯ ಒಂದು ಭುಜ, ಒಂದು ಚಪ್ಪಲಿ ಮಾತ್ರ ಸಿಗುತ್ತವೆ. ಬೀದಿಯಲ್ಲಿ ಎಲ್ಲಿಯಾದರೂ ಮನೆ ಒಡೆಯುತ್ತಿದ್ದರೆ ಸುತ್ತು ಹಾಕಿ ಬೇರೆ ದಾರಿಯಲ್ಲಿ ಬರುತ್ತಾರೆ. ಧೂಳು ಆಗುವುದಿಲ್ಲವೇನೋ ಎಂದು ಮನೆಯವರು ಅಂದುಕೊಂಡಿದ್ದರು.

ಮತ್ತು ಈಗ ಮಾವ ಇಲ್ಲಿಗೇ ಬರುತ್ತಿದ್ದರು. 'ನನ್ನ ಬರಹ ನೋಡೋಕೆ ಎಲ್ಲರೂ ಬನ್ನಿ,' ಎಂದು ಬೆಳಿಗ್ಗೆ ಹೆಂಡತಿಯ ಹತ್ತಿರ ಜಂಬ ಕೊಚ್ಚಿ ಬಂದವನು ಅವನೇ.

ಅಳಿಯ ಸಂಘಟಕಿಯ ಬಳಿಗೆ ಓಡಿದ. "ಮೇಡಂ, ಈ ಅಡಿಬರಹ ಯಾಕೋ ಚೆನ್ನಾಗಿಲ್ಲ. ತೆಗೆದುಬಿಡೋಣ."

"ಸುಮ್ನಿರಿ ಸಾರ್! ಜನ ಬೀದಿ ನೋಡ್ತಿಲ್ಲ, ನಿಮ್ಮ ಸೋಮಾರೀನ ನೋಡ್ತಿದಾರೆ. ಅವನಿಲ್ದೆ ಇದ್ರೆ ಇಲ್ಲೇನಿದೆ, ಬರೀ ಗೋಡೆ."

"ಅಲ್ಲ, ಆ ಮನುಷ್ಯ ಇನ್ನೂ ಬದುಕಿದ್ರೆ ಬೇಜಾರಾಗಲ್ವಾ?"

"ಬದುಕಿದ್ರೂ ಇಲ್ಲೀತನಕ ಬರೋಕೆ ಅವನಿಗೆ ಸೋಮಾರಿತನ," ಎಂದು ಆಕೆ ನಕ್ಕಳು. ಜೋಕು ಅಳಿಯನ ಜೋಕಿನ ಮಗುವಾಗಿತ್ತು. ಬೈಯುವ ಹಾಗೂ ಇರಲಿಲ್ಲ.

ಉಳಿದದ್ದು ಒಂದೇ ಉಪಾಯ. ಬಿದ್ದ ಸ್ಟ್ಯಾಂಡುಗಳನ್ನೆಲ್ಲ ಎತ್ತಿ ನಿಲ್ಲಿಸಿದ ಮೇಲೆ ಅವನು ಕೊನೆಯದರ ಮುಂದೆ ಹೋಗಿ ನಿಂತ. ಅಲ್ಲಿಯ ಅಡಿಬರಹವೇ ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು. ಅದು ಕಾಣದಂತೆ ಬೆನ್ನನ್ನು ಅದಕ್ಕೆ ಒತ್ತಿ, ಬಂದವರಿಗೆಲ್ಲ ಹಲ್ಲು ಕಿರಿದು ನಿಂತ. ಕಾಲು ನೋಯತೊಡಗಿತು. "ಇದು ಯಾವ ಬೀದಿ?" ಎಂದು ಕೇಳಿದವರಿಗೆ "ಆ ಕಡೆ ಇನ್ನೂ ಒಳ್ಳೆ ಬೀದಿ ಇವೆ," ಎಂದ.

ಬಾಗಿಲಲ್ಲಿ ಅತ್ತೆಯ ದನಿ ಕೇಳಿತು. ಮಂಡಿ ನೋವಿನ ಅತ್ತೆ ಮಗಳ ತೋಳು ಹಿಡಿದು ಮೊದಲ ಸ್ಟ್ಯಾಂಡಿನಿಂದಲೇ ಶುರು ಮಾಡಿದರು. ಅಲ್ಲಿ ನಿಂತದ್ದು ಯಾರೆಂದು ಅವರಿಗೆ ತಿಳಿಯಲಿಲ್ಲ. ಮನೆಯಿಂದ ಹೊರಡುವಾಗ ಕನ್ನಡಕ ಮರೆತು ಬಂದಿದ್ದರು, ಮಗಳ ಕನ್ನಡಕವನ್ನು ಆಗಾಗ ಕಿತ್ತುಕೊಂಡು ಎರಡು ಮನೆಯ ಹೆಂಚು, ಕಿಟಕಿ ಮಾತ್ರ ನೋಡಿ ವಾಪಸು ಕೊಡುತ್ತಿದ್ದರು. ಮಾವ ಮಾತ್ರ ಎಲ್ಲಿಯೂ ನಿಲ್ಲದೆ, ಯಾವ ಚಿತ್ರದ ಕಡೆಗೂ ತಿರುಗದೆ, ನೇರವಾಗಿ ಅಳಿಯನ ಹತ್ತಿರ ಬಂದರು.

"ಏನಳಿಯಂದ್ರೇ, ಕಾವಲಾ?"

"ಇಲ್ಲ ಮಾವ. ಸುಮ್ನೆ ನಿಂತಿದೀನಿ."

"ಕಷ್ಟದ ಕೆಲಸ. ಆಗಾಗ ಕಾಲು ಬದಲಾಯಿಸ್ತಾ ಇರಿ."

ಅಳಿಯ ಕೈ ಜೋಡಿಸಿದ. "ಮಾವ, ತಪ್ಪಾಯ್ತು. ನೀವು ಅಂತ ನಂಗೆ ಗೊತ್ತಿರ್ಲಿಲ್ಲ. ದೇವರಾಣೆ."

"ಬಾಗಿಲಲ್ಲಿ ಓದಿದೆ," ಎಂದರು ಮಾವ. "ನಿಜಾನೇ ಅಲ್ವಾ? ನಿಂತು ಸಂಬಳ ತಗೊಂಡಿದ್ದು. ಸರಿಯಾಗಿ ಐದೂವರೆ ಅಡಿ ಇದ್ದೆ ಅಂತ ಸೇರಿಸ್ಕೊಂಡ್ರು. ಚಪ್ಪಲಿ ಸೇರಿಸಿ. ಹೊಸ ಚಪ್ಪಲಿ ತಗೊಂಡಾಗೆಲ್ಲ ಹಿಮ್ಮಡಿ ನೋಡೋರು."

"ಯಾಕೆ ಮಾವ?"

"ಮನೆ ಎಷ್ಟೆತ್ತರ ಅಂತ ಫೋಟೊ ನೋಡಿದ್ರೆ ಗೊತ್ತಾಗಬೇಕಲ್ಲ. ಪಕ್ಕದಲ್ಲಿ ನನ್ನ ನಿಲ್ಸೋರು. ನಾನೇ ಸ್ಕೇಲು. ರಸ್ತೆ ಅಗಲ ಮಾಡೋ ಕಚೇರಿಗೆ ಹೋಗೋ ಫೋಟೊ ಇವೆಲ್ಲ."

ಅಳಿಯ ಉದ್ದಕ್ಕೂ ಸಾಲಾಗಿ ನಿಂತ ಎಡಗಡೆಯ ಮನೆಗಳನ್ನು, ಬಲಗಡೆಯ ಗಾಜನ್ನು ನೋಡಿದ. "ಹಾಗಾದ್ರೆ ಈ ಮನೆಗಳು..."

"ಹೋದ್ವು. ನಾನು ಎಲ್ಲೆಲ್ಲಿ ನಿಂತೆನೋ ಅದೆಲ್ಲ ಹೋಯ್ತು." ಮಾವ ದನಿ ತಗ್ಗಿಸಿದರು. "ಪಾಪ, ಆ ಜನಕ್ಕೆ ಏನೂ ಗೊತ್ತಿರ್ತಿರ್ಲಿಲ್ಲ. ಮನೆ ಫೋಟೊ ತೆಗೀತಾರೆ ಅಂತ ಮಕ್ಕಳಿಗೆ ತಲೆ ಬಾಚಿ ಬಾಗಿಲಿಗೆ ಕರ್ಕೊಂಡು ಬರೋರು. ನಂಗೆ ಟೀ ಕೊಡೋರು. ಫೋಟೊದಲ್ಲಿ ನನ್ನ ಮುಖ ಬೇಡ ಅಂತ ಕೇಳ್ಕೊಂಡೆ, ಹಾಗಾದ್ರೆ ತಿರುಗಿ ನಿಂತ್ಕೋ ಅಂದ್ರು. ತಿರುಗಿದ್ರೆ ಆ ಜನ ಎದುರಿಗೆ. ಇರೋದು ಒಂದು ಮುಖ, ಎರಡು ಕಡೆ ಬಚ್ಚಿಡೋಕಾಗುತ್ತಾ? ನೆಲ ನೋಡ್ತಾ ನಿಂತೆ."

ಚಪ್ಪಲಿ ಹುಡುಕುತ್ತಿರಬಹುದು ಎಂದು ಬರೆದದ್ದು ಅಳಿಯನಿಗೆ ನೆನಪಾಯಿತು. ನೆಲ ನೋಡುವ ಸರದಿ ಈಗ ಅವನದಾಗಿತ್ತು.

"ಸ್ವಲ್ಪ ಸರೀರಿ. ಈ ಕೊನೇದು ನೋಡ್ತೀನಿ."

ಅಳಿಯ ಸರಿದ. ಎಡಗಡೆಯ ಚಿತ್ರದಲ್ಲಿ ಬೀಗ ಹಾಕಿದ ಒಂದು ಮನೆ. ಬಾಗಿಲ ಮೇಲುಗಡೆ ಚಕ್ರದ ಹಾಗೆ ದುಂಡಗಿನ ಕಿಟಕಿ. ಅಡಿಬರಹ ಮುಚ್ಚುವ ಗಡಿಬಿಡಿಯಲ್ಲಿ ಅಳಿಯ ಅದನ್ನು ಗಮನಿಸಿರಲಿಲ್ಲ. ಆ ಕಿಟಕಿಯ ಸುದ್ದಿ ಕೇಳದೆ ಅವನ ಮನೆಯಲ್ಲಿ ಒಂದು ವಾರ ಕಳೆಯುವುದಿಲ್ಲ. ಅತ್ತೆ ಚಿಕ್ಕವರಿದ್ದಾಗ ಅದರಲ್ಲಿ ಕೂತು ಪಾಠ ಓದುತ್ತಿದ್ದರಂತೆ, ಅಪ್ಪ ಬೀದಿಯ ತುದಿಗೆ ಬಂದದ್ದು ಅಲ್ಲಿಂದಲೇ ಕಾಣುತ್ತಿತ್ತಂತೆ.

"ಮಾವ, ಇದು ಅತ್ತೆಯ..."

"ಹೂಂ. ತವರುಮನೆ. ನಮ್ಮ ಮದುವೆಯಾಗಿ ಇನ್ನೂ ವರ್ಷ ತುಂಬಿರ್ಲಿಲ್ಲ. ಬೇರೆ ಯಾರನ್ನಾದ್ರೂ ನಿಲ್ಸಿ ಅಂದೆ, ಆಗಲ್ಲ ಅಂದ್ರು. ನಾನು ನಿಲ್ಲದಿದ್ರೆ ಮನೆ ಉಳೀತಿತ್ತಾ? ಉಳೀತಿರ್ಲಿಲ್ಲ. ಹಾಗಂತ ನನಗೆ ನಾನೇ ಹೇಳ್ಕೊಂಡು, ಅವರೆಲ್ಲ ಪರ ಊರಿಗೆ ಹೋದ ದಿನ ನೋಡಿ ಹೋಗಿ ನಿಂತೆ."

"ಅತ್ತೆಗೆ ಗೊತ್ತಾ?"

"ನಮ್ಮನೆ ಅಳತೆ ತಗೊಂಡೋನು ಯಾವನೋ ಅವನು ಹಾಳಾಗ್ಲಿ ಅಂತ ಬೈತಾಳಲ್ಲ, ಅವತ್ತಿಂದ? ನನಗೇ ಊಟ ಬಡಿಸ್ತಾ ಬೈತಾಳೆ. ನಾನು ಹೂಂ ಅಂತೀನಿ."

ನಗು ಬರಬೇಕಾಗಿದ್ದ ಮಾತು, ಇಬ್ಬರಿಗೂ ಬರಲಿಲ್ಲ. ಅತ್ತೆ ಮಗಳ ತೋಳು ಹಿಡಿದು ಹತ್ತಿರ ಬರುತ್ತಿದ್ದರು. ಮೊಣಕೈಯ ಆ ಹಿಡಿತವನ್ನು ಕಂಡರೆ, ಗುರುತು ಹಿಡಿಯಲು ಅವರಿಗೆ ಮುಖ ಬೇಕಾಗಿರಲಿಲ್ಲ. ಬಲಗಡೆಯ ಚಿತ್ರದಲ್ಲಿ ಕಾರು ನಿಲ್ಲಿಸುವ ಬಹುಮಹಡಿ ಕಟ್ಟಡ. ನಡುವೆ, ಕೆಳಗೆ, ಅಳಿಯನ ಮುದ್ದಾದ ಅಡಿಬರಹ: 'ಮಾಡಲು ಕೆಲಸವಿಲ್ಲ, ಹೋಗಲು ಊರಿಲ್ಲ. ಹಾಗಾಗಿ ನಮ್ಮ ಸೋಮಾರಿ ಯಾರದೋ ಮನೆಯ ಮುಂದೆ ಸುಮ್ಮನೆ ನಿಂತಿದ್ದಾನೆ.'

ಅಳಿಯ ಕೈ ಚಾಚಿ ಆ ಕಾಗದ ಕೀಳಹೋದ. ಮಾವ ಅವನ ಮಣಿಕಟ್ಟು ಹಿಡಿದರು.

"ಬಿಡಿ. ಇರ್ಲಿ."

"ಮಾವ, ಇದು ಸುಳ್ಳು. ನಿಮ್ಮ ಮರ್ಯಾದೆ..."

"ಸುಳ್ಳು ಅಂತಾನೇ ಇರ್ಲಿ ಅಂದಿದ್ದು."

"ಅಯ್ಯೋ!" ಎಂದಿತು ಅತ್ತೆಯ ದನಿ. ಮಗಳ ಮುಖದಿಂದ ಕನ್ನಡಕ ಕಿತ್ತುಕೊಂಡದ್ದೇ ತಡ, ಅವರು ಸ್ಟ್ಯಾಂಡಿಗೆ ಮೂಗು ತಾಗುವಷ್ಟು ಬಗ್ಗಿದರು. "ನನ್ನ ಕಿಟಕಿ! ನೋಡೇ, ನಮ್ಮನೆ ಕಣೇ ಇದು!" ಬೆರಳು ಚಿತ್ರದ ಮೇಲೆ ಕಿಟಕಿಯನ್ನು ಒಂದು ಸುತ್ತು ಸವರಿತು, ಬಾಗಿಲಿಗೆ ಇಳಿಯಿತು, ಮೆಟ್ಟಿಲಿಗೆ ಇಳಿಯಿತು, ಅಲ್ಲಿ ನಿಂತ ಬೆನ್ನಿನ ಮೇಲೆ ಬಂದು ನಿಂತುಬಿಟ್ಟಿತು. ಅವರು ಮೆಲ್ಲಗೆ ತಲೆ ಎತ್ತಿ ಗಂಡನ ಕಡೆ ನೋಡಿದರು. ಗಂಡನ ಬಲಗೈ ಎಡ ಮೊಣಕೈಯನ್ನು ಹಿಡಿದುಕೊಂಡೇ ಇತ್ತು.

ಅಳಿಯನಿಗೆ ಎಲ್ಲಿಯಾದರೂ ಒಂದು ಕಂಬ ಸಿಕ್ಕಿದ್ದರೆ ಸಾಕಾಗಿತ್ತು.

"ಏನ್ರೀ," ಎಂದರು ಅತ್ತೆ. ದನಿಯಲ್ಲಿ ಬೈಗುಳ ಇನ್ನೂ ಬಂದಿರಲಿಲ್ಲ. "ನಮ್ಮನೆ ಮುಂದೆ ನಿಂತ್ಕೊಂಡು ಏನ್ ಮಾಡ್ತಿದ್ರಿ ನೀವು?"

ಮಾವ ಮೊಣಕೈ ಬಿಟ್ಟರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಬಗ್ಗಿ, ಅಡಿಬರಹವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು.

"ಏನೂ ಇಲ್ಲ," ಎಂದರು. "ಅಳಿಯಂದ್ರು ಬರ್ದಿದಾರಲ್ಲ."