ನಾರಾಯಣಪುರದವರು ವೈವಾಕ್ಕೆ ಬಂದದ್ದು

ಪಾಠ ಹೇಳುವವನಿಗೆ ಬೆರಗಾಗುವ ಪ್ರಸಂಗಗಳು ಕಡಿಮೆ. ವರ್ಷ ವರ್ಷವೂ ಅದೇ ಬೋರ್ಡು, ಅದರ ಮೇಲೆ ಅವೇ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣದ ಗುರುತುಗಳು. ಹುಮನಾಬಾದಿನ ಕಾಲೇಜೊಂದರಲ್ಲಿ ನಾನು ಮಾಹಿತಿ ವ್ಯವಸ್ಥೆಯ ಪ್ರಾಧ್ಯಾಪಕ, ಮನೆ ಬಸವಕಲ್ಯಾಣದಲ್ಲಿ. ನೌಕರಿಯ ಹೊಸತರಲ್ಲಿ ನಮ್ಮ ಅಜ್ಜಿ, ಅಲ್ಲಿ ಏನು ಕಲಿಸುತ್ತೀ ಎಂದು ಕೇಳಿದ್ದಳು. ಸುದ್ದಿ ಯಾರಿಗೆ ಯಾವಾಗ ಮುಟ್ಟಬೇಕು, ಕಂಪ್ಯೂಟರಿನಿಂದ ಅದನ್ನು ಹೇಗೆ ಮುಟ್ಟಿಸಬೇಕು ಎಂಬುದನ್ನು ಎಂದೆ. ಅದಕ್ಕೂ ಪಗಾರ ಕೊಡುತ್ತಾರೆಯೇ ಎಂದು ಆಕೆ ಬಹಳ ಹೊತ್ತು ನಕ್ಕಳು. ಅಜ್ಜಿಯ ನಗುವಿನಲ್ಲಿ ಹುರುಳಿತ್ತು ಎಂದು ನನಗೆ ಅನಿಸಿದ್ದು ಮಾತ್ರ ಈಚೆಗೆ, ಒಂದು ವೈವಾದ ದಿನ.

ನನ್ನ ಮಾರ್ಗದರ್ಶನದಲ್ಲಿ ಮೊಟ್ಟಮೊದಲು ಪಿಎಚ್.ಡಿ.ಗೆ ಕೂತವಳು ನಮ್ಮ ವಿಭಾಗದಲ್ಲೇ ಪಾಠ ಮಾಡುತ್ತಿದ್ದ ಹೆಣ್ಣುಮಗಳು, ನಾರಾಯಣಪುರದ ಸೊಸೆ. ಗಂಡನ ಮನೆಯವರು ಕಬ್ಬು ಬೆಳೆಯುವವರು, ಆಕೆ ಆರಿಸಿಕೊಂಡ ವಿಷಯವೂ ಕಬ್ಬಿನದೇ. ನಮ್ಮ ಕಡೆ ಕಬ್ಬನ್ನು ಮನಸ್ಸಿಗೆ ಬಂದಾಗ ಕಡಿಸುವಂತಿಲ್ಲ. ಸಕ್ಕರೆ ಕಾರ್ಖಾನೆಯವರು ಪಾಳಿ ಹಚ್ಚುತ್ತಾರೆ. ಪಾಳಿ ಬಂತೆಂದರೆ ಹೊಲದ ಯಜಮಾನನ ಮೊಬೈಲಿಗೆ ಸಂದೇಶ ಬರುತ್ತದೆ, ಅದರ ಬೆನ್ನಿಗೇ ಕಡಿಯುವ ಗ್ಯಾಂಗು ಟ್ರ್ಯಾಕ್ಟರ್ ಹತ್ತಿ ಬರುತ್ತದೆ. ಆ ಸಂದೇಶ ಮೊಬೈಲು ಮುಟ್ಟಿದ ಮೇಲೆ ಎಲ್ಲಿಗೆ ಹೋಗುತ್ತದೆ? ಇದು ಆಕೆಯ ಪ್ರಶ್ನೆ. ಕೊನೆಯ ಅಧ್ಯಾಯಕ್ಕಾಗಿ ಊರೂರಿನ ಅಡುಗೆಮನೆಗಳಲ್ಲಿ ಒಲೆಯ ಮುಂದೆ ಕೂತು ಹೆಂಗಸರನ್ನು ವಿಚಾರಿಸಿದ್ದಳು. ಗ್ಯಾಂಗಿನವರಿಗೆ ನೀರು, ಚಹಾ, ಆಳುಗಳಿಗೆ ರೊಟ್ಟಿ ಎಲ್ಲವೂ ನಿಮ್ಮ ಮೇಲೆಯೇ ಬೀಳುತ್ತದಲ್ಲ, ಪಾಳಿ ಬಂದದ್ದು ನಿಮಗೆ ಯಾರು, ಯಾವಾಗ ಹೇಳಿದರು?

ಪ್ರಬಂಧ ಓದಿದ ಪುಣೆಯ ಪರೀಕ್ಷಕರಿಗೆ ಈ ಅಧ್ಯಾಯದ ಮೇಲೆಯೇ ಅನುಮಾನ. ಇದು ನಮ್ಮ ಶಾಸ್ತ್ರಕ್ಕೆ ಸೇರಿದ್ದೇ ಅಥವಾ ಮನೆಮನೆಯ ಮಾತೇ ಎಂಬುದನ್ನು ವೈವಾದಲ್ಲಿ ಕೇಳಿಯೇ ತೀರ್ಮಾನಿಸುವುದಾಗಿ ಬರೆದಿದ್ದರು. ಅವರಿಗೆ ಸಮಾಧಾನವಾಗದಿದ್ದರೆ ತಿದ್ದಿ ಬರೆಯಬೇಕು. ಅಂದರೆ ಇನ್ನೂ ಒಂದು ವರ್ಷ. ನಾನು ಧೈರ್ಯ ಹೇಳಲು ಹೋದಾಗ ಆಕೆ ತಣ್ಣಗೆ ಅಂದಳು:

'ಅತ್ತಿಯವರ ಮೊಣಕಾಲು ಹಿಡಕೊಂಡಾವ್ರಿ ಸರ. ಮಕ್ಕಳು, ಮನಿ, ಎಲ್ಲಾ ಅವರೇ ನೋಡಾಕತ್ತಾರ. ಇನ್ನೊಂದು ವರ್ಷ ತಡೀರಿ ಅಂತ ಯಾವ ಬಾಯಿಲೆ ಕೇಳ್ಲಿ? ಈ ಸರ್ತಿ ಆಗಲಿಲ್ಲಂದ್ರ ಬಿಟ್ಟುಬಿಡ್ತೀನ್ರಿ.'

ಬಿಡುವವಳೇ ಎಂದು ನನಗೆ ಗೊತ್ತಿತ್ತು.

ವೈವಾ ಎಂಬುದು ಬಹಿರಂಗ ಪರೀಕ್ಷೆ. ಯಾರು ಬೇಕಾದರೂ ಬಂದು ಕೂರಬಹುದು, ಪ್ರಶ್ನೆಯನ್ನೂ ಕೇಳಬಹುದು. ಸಾಮಾನ್ಯವಾಗಿ ಬರುವವರು ವಿಭಾಗದ ನಾಲ್ಕು ಮಂದಿ. ಸಭೆ ತುಂಬಿದ್ದರೆ ಚೆನ್ನ, ಯಾರನ್ನಾದರೂ ಕರೆ ಎಂದಿದ್ದೆ. ಆಕೆ ಮನೆಯಲ್ಲಿ ಹೇಳಿದಳು, ಮನೆಯವರು ಊರಲ್ಲಿ ಹೇಳಿದರು. ಆ ದಿನ ಕಾಲೇಜಿನ ಮುಂದೆ ಎರಡು ಕ್ರೂಸರ್ ಗಾಡಿ ಬಂದು ನಿಂತವು. ಒಳಗಿಂದ ಇಳಿದವರನ್ನು ನೋಡಿ ನಮ್ಮ ಜವಾನ, ಯಾರದ್ದಾದರೂ ಮದುವೆ ನಿಶ್ಚಯವೇ ಎಂದು ಕೇಳಿದ. ಹೋಳಿಗೆಯ ಬುಟ್ಟಿ, ಶೇಂಗಾ ಹಿಂಡಿ ಚಟ್ನಿಯ ಡಬ್ಬಿ, ಇಳಕಲ್ ಸೀರೆ, ಇಸ್ತ್ರಿ ಮಾಡಿದ ಧೋತರ. ಆಕೆಯ ಮಾವ ರುಮಾಲು ಸರಿಮಾಡಿಕೊಂಡು ನನ್ನ ಹತ್ತಿರ ಬಂದರು.

'ಸಾಹೇಬ್ರ, ನಮ್ಮ ಕಡಿಯವರು ಎಲ್ಲಿ ಕುಂದರಬೇಕ್ರಿ?'

ಎಲ್ಲರೂ ನಿಮ್ಮ ಕಡೆಯವರೇ ಎಂದೆ. ಹಾಗಾದರೆ ಆ ಪುಣೆಯವರು ಯಾರ ಕಡೆ ಎಂದರು. ಉತ್ತರಕ್ಕೂ ಕಾಯದೆ ಪರೀಕ್ಷಕರನ್ನು ಬೀಗರಂತೆ ಕೂರಿಸಿ, ಬೇಡ ಬೇಡ ಎಂದರೂ ಎರಡು ಹೋಳಿಗೆ ತಿನ್ನಿಸಿಯೇ ಬಿಟ್ಟರು. ತುಪ್ಪದ ಕೈ ಒರೆಸಿಕೊಳ್ಳುತ್ತ ಪರೀಕ್ಷಕರು ಸಭೆಗೆ ಬಂದರು. ಮಾವ ಮುಂದಿನ ಸಾಲಿನಲ್ಲಿ ಕೂತರು. ಅತ್ತೆ ಹಿಂದೆ, ಹೆಂಗಸರ ನಡುವೆ, ಕಾಲು ಚಾಚಿಕೊಳ್ಳಲು ಜಾಗವಿದ್ದ ಕಡೆ.

ಮುಂದಿನ ಒಂದು ತಾಸು ನಾನು ನೋಡಿದ್ದನ್ನು ಏನೆಂದು ಹೇಳಲಿ? ಆಕೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಪರದೆಯ ಮೇಲೆ ಚೌಕಗಳು, ಬಾಣಗಳು, ಅಂಕಿಸಂಖ್ಯೆಗಳು. ಒಂದು ಶಬ್ದವೂ ತಿಳಿಯದ ಆ ಜನ, ಪ್ರವಚನ ಕೇಳುವವರ ಹಾಗೆ, ಕೈಕಟ್ಟಿಕೊಂಡು, ಕೆಮ್ಮನ್ನೂ ಸೆರಗಿನಲ್ಲಿ ಅದುಮಿಕೊಂಡು ಕೂತಿದ್ದರು. ನನ್ನ ತರಗತಿಗಳಲ್ಲಿ ಭಾಷೆ ತಿಳಿದವರೂ ಹಾಗೆ ಕೂತದ್ದಿಲ್ಲ.

ಆಮೇಲೆ ಪರೀಕ್ಷಕರು ತಮ್ಮ ಅನುಮಾನ ತೆಗೆದರು. ಹೆಂಗಸರಿಗೆ ಸುದ್ದಿ ಮುಟ್ಟಲಿಲ್ಲ ಎಂದು ಬರೆದಿದ್ದೀರಿ. ಮುಟ್ಟಿಯೂ ಮರೆತಿರಬಹುದಲ್ಲ? ಮುಟ್ಟದಿದ್ದರೂ ಏನು ಕೆಟ್ಟಿತು? ನೀವೇ ಕಣ್ಣಾರೆ ಕಂಡ ಒಂದು ಮನೆಯ ಸಂಗತಿ ಹೇಳಿ.

ಆಕೆ ಬಾಯಿ ತೆರೆದಳು, ಮುಂದಿನ ಸಾಲು ನೋಡಿದಳು, ಮತ್ತೆ ಮುಚ್ಚಿದಳು. ಕಾರಣ ಗೊತ್ತಿದ್ದವರು ಆ ಸಭೆಯಲ್ಲಿ ಆಕೆಯನ್ನು ಬಿಟ್ಟರೆ ನಾನೊಬ್ಬನೇ ಎಂದುಕೊಂಡಿದ್ದೆ. ಅಧ್ಯಾಯದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಉದಾಹರಣೆ, ಹೆಸರು ಹಾಕದೆ ಬರೆದದ್ದು, ಆಕೆಯ ಮನೆಯದೇ. ಮಾವನ ಎದುರು ಮಾವನ ಮಾತು ಎತ್ತುವುದು ಹೇಗೆ? ಬೇರೆ ಯಾವುದೋ ಮನೆಯದ್ದನ್ನು ಅರ್ಧಂಬರ್ಧ ಹೇಳಿದಳು. ಪರೀಕ್ಷಕರು ತಲೆಯಾಡಿಸದೆ ಪೆನ್ನಿನ ಮುಚ್ಚಳ ಹಾಕಿದರು. ಸಭೆಯಿಂದ ಯಾರಾದರೂ ಪ್ರಶ್ನೆ ಕೇಳುವುದಿದೆಯೇ ಎಂದು ಕೇಳುವುದು ನನ್ನ ಕೆಲಸ. ರೂಢಿಯಂತೆ ಇಂಗ್ಲಿಷಿನಲ್ಲಿ ಕೇಳಿ, ಯಾಕೋ ಏನೋ, ಪರೀಕ್ಷಕರು ಒಂದು ಮನೆಯ ಸಂಗತಿ ಕೇಳಿದ್ದನ್ನೂ ಹೇಳಿ, ಕನ್ನಡದಲ್ಲೂ ಕೇಳಿದೆ.

ಹಿಂದಿನಿಂದ ಅತ್ತೆ, ಕುರ್ಚಿಯ ಬೆನ್ನು ಹಿಡಿದುಕೊಂಡು ಎದ್ದರು. ತಲೆ ಮೇಲಿನ ಸೆರಗು ಎಳೆದುಕೊಂಡು, ಸೊಸೆಯೊಬ್ಬಳನ್ನೇ ನೋಡುತ್ತ ಕೇಳಿದರು.

'ಒಲಿ ಮುಂದ ಕುಂತು ನನಗೂ ಕೇಳಿದ್ಯಲ್ಲ. ನಮ್ಮ ಮನಿದು ಬರದೀಯಿಲ್ಲೋ?'

'ಬರದೀನ್ರಿ ಅತ್ತಿ. ಹೆಸರು ಹಾಕಿಲ್ಲ.'

'ಹೆಸರು ಹಾಕಿಲ್ಲಂದ್ರ ಬಿಡು. ಈಗ ಹೇಳು. ನಾ ಇಲ್ಲೇ ಕುಂತೀನಿ.'

ಸೊಸೆ ಹೇಳಿದಳು, ಕನ್ನಡದಲ್ಲೇ. ಪರೀಕ್ಷಕರಿಗೆ ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ ಅಷ್ಟೆ. ಆ ವರ್ಷ ಪಾಳಿಯ ಸಂದೇಶ ಮಾವನ ಮೊಬೈಲಿಗೆ ಬಂದಾಗ ಅವರು ಬಸವಕಲ್ಯಾಣದ ಬಜಾರಿನಲ್ಲಿದ್ದರು. ಮರುದಿನ, ಏನೂ ತಿಳಿಯದ ಅತ್ತೆ ಹುಮನಾಬಾದಿನಲ್ಲಿದ್ದ ತಂಗಿಯ ಮನೆಗೆ, ಅವಳ ಮಗಳ ಸೀಮಂತಕ್ಕೆಂದು, ಹೊಸ ಸೀರೆ ಉಟ್ಟು ಬಸ್ಸು ಹತ್ತಿದರು. ದಾರಿಯ ಕ್ರಾಸಿನಲ್ಲಿ ಬಸ್ಸು ನಿಂತಾಗ ಎದುರಿಗೆ ಗ್ಯಾಂಗಿನ ಟ್ರ್ಯಾಕ್ಟರೂ ನಿಂತಿತ್ತು. ಅದರ ಡ್ರೈವರು ಊರವನೇ, ಬಸ್ಸಿನ ಕಿಟಕಿಯಲ್ಲಿ ಅತ್ತೆಯನ್ನು ಕಂಡ. ಎಲ್ಲಿಗೆ ಹೊರಟೆ ಕಾಕಿ, ನಾವು ನಿಮ್ಮ ಹೊಲಕ್ಕೇ ಹೊರಟಿದ್ದೇವೆ ಎಂದ. ಅತ್ತೆ ಅಲ್ಲೇ ಇಳಿದು, ಅದೇ ಟ್ರ್ಯಾಕ್ಟರಿನಲ್ಲಿ ಗ್ಯಾಂಗಿನ ಹೆಂಗಸರ ನಡುವೆ ಕೂತು ಮನೆಗೆ ಮರಳಿದರು. ಸೀಮಂತ ತಪ್ಪಿತು. ತಂಗಿ ಬಹಳ ದಿನ ಮಾತು ಬಿಟ್ಟಿದ್ದಳು.

ಮುಂದಿನ ಸಾಲಿನಿಂದ ಮಾವ ಕೆಮ್ಮಿದರು. 'ನಾ ಹೇಳಿದ್ದೆ ಅಂತ ನೆನಪ ಅದ.'

'ಹೇಳಿದ್ರಿ,' ಅತ್ತೆ ಈಗಲೂ ಸೊಸೆಯ ಕಡೆಗೇ ನೋಡುತ್ತಿದ್ದರು. 'ಚಾದಂಗಡ್ಯಾಗ.'

ನಾರಾಯಣಪುರದ ಹೆಂಗಸರು ಸೆರಗಿನಲ್ಲಿ ಅದುಮಿಟ್ಟಿದ್ದೆಲ್ಲ ಒಮ್ಮೆಗೇ ನಗುವಾಗಿ ಹೊರಬಿತ್ತು. ಪರೀಕ್ಷಕರೂ ನಕ್ಕರು. ನಕ್ಕು ಮುಗಿಸಿ, ಪೆನ್ನಿನ ಮುಚ್ಚಳ ತೆಗೆದು, ಹಾಗಿದ್ದರೆ ಈ ವ್ಯವಸ್ಥೆಯಲ್ಲಿ ನೀವು ಏನನ್ನು ಬದಲಿಸುತ್ತೀರಿ ಎಂದು ಕೇಳಿದರು.

ಆಕೆ ಈ ಸಲ ಯಾರ ಮುಖವನ್ನೂ ನೋಡಲಿಲ್ಲ. 'ಕಾರ್ಖಾನಿಯವರು ಹೆಸರು ಬರಕೊಳ್ಳುವಾಗ ಹೊಲ ಯಾರದು ಅಂತ ಕೇಳ್ತಾರ್ರಿ. ಈ ಸುದ್ದಿ ಬಂದ್ರ ಯಾರ ಕೆಲಸ ಶುರು ಆಗ್ತದ ಅಂತನೂ ಕೇಳಬೇಕು. ಅವರ ನಂಬರಿಗೂ ಕಳಸಬೇಕು.'

ಇಷ್ಟು ವರ್ಷ ನಾನು ಬೋರ್ಡಿನ ಮೇಲೆ ಎಳೆದ ಬಾಣಗಳೆಲ್ಲ ಹೊಲದ ಒಡೆಯನ ತನಕ ಹೋಗಿ ನಿಲ್ಲುತ್ತಿದ್ದವು. ಅಲ್ಲಿಂದ ಮುಂದೆ ಒಂದು ಒಲೆ, ಒಂದು ಬಸ್ಸು, ಮಾತು ಬಿಟ್ಟ ತಂಗಿ, ಇಷ್ಟು ದೊಡ್ಡ ಲೋಕ ಇತ್ತು. ನನ್ನ ಶಾಸ್ತ್ರ ಇಷ್ಟು ಅಗಲವಾದದ್ದು ಎಂಬುದನ್ನು ಮೊದಲ ಸಲ, ಮೈ ಝುಂ ಎನ್ನುತ್ತ, ಕಂಡೆ.

ಪರೀಕ್ಷಕರು ಎದ್ದು ನಿಂತು ಪದವಿಗೆ ಶಿಫಾರಸು ಮಾಡುವ ಮಾತನ್ನು ಇಂಗ್ಲಿಷಿನಲ್ಲಿ, ಉದ್ದವಾದ ಒಂದೇ ವಾಕ್ಯದಲ್ಲಿ ಓದಿದರು. ನಮ್ಮ ವಿಭಾಗದವರು ಚಪ್ಪಾಳೆ ತಟ್ಟಿದರು. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನಲ್ಲಿ ಮಾವ, ಆತೋ ಇಲ್ಲೋ ಎಂದು ಪಕ್ಕದವನನ್ನು ಕೇಳುತ್ತಿದ್ದರು, ಪಕ್ಕದವನಿಗೂ ಗೊತ್ತಿರಲಿಲ್ಲ. ನಾನು ಕನ್ನಡದಲ್ಲಿ ಹೇಳೋಣವೆಂದು ಎದ್ದೆ. ಅಷ್ಟರಲ್ಲಿ ಆಕೆ ವೇದಿಕೆ ಇಳಿದು, ಮುಂದಿನ ಸಾಲು ದಾಟಿ, ನೇರ ಹಿಂದಕ್ಕೆ ನಡೆದಳು. ಅತ್ತೆಯ ಮೊಣಕಾಲ ಬಳಿ ಬಗ್ಗಿ ಏನೋ ಹೇಳಿದಳು. ನಾನೂ ಹಿಂದೆಯೇ ಹೋಗಿದ್ದರಿಂದ ಅತ್ತೆಯ ಉತ್ತರ ಕೇಳಿಸಿತು.

'ಆತೇಳು, ಚಲೋ ಆತು,' ಎಂದು ಸೊಸೆಯ ಗಲ್ಲ ಸವರಿ, ದನಿ ತಗ್ಗಿಸಿದರು. 'ನಿಮ್ಮ ಮಾವಗ ಈಗೇ ಹೇಳಬ್ಯಾಡ. ತಿಳ್ಕೊಳ್ಳಲಿ, ನನ್ನಂಗ, ಬಸ್ಸಿನ ಕಿಡಕ್ಯಾಗ.'