ಎಂಜಿನ್ನಿನೊಳಗಿನ ಕೆಂಪು ಎಳೆ

ಇನ್ನೂ ಕಾಗೆ ಕೂಗಿಲ್ಲ. ಕೊಳ್ಳೇಗಾಲದ ನೇಕಾರರ ಬೀದಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಚೌಡೇಶ ಎರಡು ಹೋಳಾಗಿ ಬಿದ್ದಿರುವ ಎಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಲಾಟೀನಿನ ಗಾಜಿನ ಮಸಿಯನ್ನು ಬೆರಳಲ್ಲಿ ಬಳಿದು ಎಂಜಿನ್ನಿನ ತಿರುಗುವ ದಂಡಕ್ಕೆ, ಕ್ರ್ಯಾಂಕಿಗೆ, ಸವರುತ್ತಾರೆ. ಅದನ್ನು ಬೇರಿಂಗಿನಲ್ಲಿಟ್ಟು ಒಂದು ಸುತ್ತು ತಿರುಗಿಸಿ ಎತ್ತುತ್ತಾರೆ. ಬೇರಿಂಗಿನಲ್ಲಿ ಮಸಿ ಅಂಟಿದ ಕಡೆ ಉಬ್ಬಿದೆ ಎಂದು ಅರ್ಥ, ಅಷ್ಟನ್ನು ಮಾತ್ರ ಕೆರೆಯುತ್ತಾರೆ. ಮತ್ತೆ ಮಸಿ, ಮತ್ತೆ ಕೆರೆತ. ಒಂದು ಬೇರಿಂಗಿಗೆ ನಲವತ್ತು ಸಲವಾದರೂ ಹೀಗೆ ಆಗಬೇಕು. ಇಂಥವು ಮೂರಿವೆ.

"ಅವಸ್ರ ಮಾಡುದ್ರೆ ಆಗಾಕಿಲ್ಲ ಸಾ. ಕೆರೆದಿದ್ದ ವಾಪಸ್ ಅಂಟ್ಸಕಾಯ್ತದಾ?" ಎನ್ನುತ್ತಾರೆ, ಪಕ್ಕದಲ್ಲಿ ಕೂತು ನೋಡುತ್ತಿರುವ ನನಗೆ, ತಲೆ ಎತ್ತದೆ.

ಎಂಜಿನ್ನು 1929ರ ಕಾರಿನದು. ಕಾರು ಯಳಂದೂರಿನ ಶ್ರೀಮಂತ ಶಿವರುದ್ರಸ್ವಾಮಿಯವರದು. ಇಪ್ಪತ್ತು ವರ್ಷ ಅದರ ಸೀಟಿನ ಮೇಲೆ ಕೋಳಿಗಳು ಮೊಟ್ಟೆಯಿಟ್ಟಿದ್ದವು. ಹೋದ ವರ್ಷ, 1970ರಲ್ಲಿ, ಚೌಡೇಶ ಐದು ತಿಂಗಳು ಒದ್ದಾಡಿ ಅದಕ್ಕೆ ಜೀವ ಕೊಟ್ಟರು. ವಾಲ್ವುಗಳು ಹನೂರಿನ ಗುಜರಿ ಲಾರಿಯೊಂದರಿಂದ ಬಂದವು. ಪಿಸ್ಟನ್ನು ಮೈಸೂರಿನಲ್ಲಿ ಕಡೆಸಿದ್ದು.

ಚೌಡೇಶರದು ಮಗ್ಗದ ಮನೆ. ಹದಿನಾರಕ್ಕೆ ಬಸ್ಸಿನ ಶೆಡ್ಡು ಸೇರಿದರು, ಈಗ ನಲವತ್ತಾರು. ಅಷ್ಟೂ ವರ್ಷ ತಾಯಿ ಅನಸೂಯಮ್ಮ ಮಗನನ್ನು ಮಗ್ಗದ ಹತ್ತಿರ ಸೇರಿಸಿಲ್ಲ. "ಇವ್ನ ಗ್ರೀಸ್ ಕೈ ತಾಕುದ್ರೆ ಸೀರೆ ಓಯ್ತು ಕಣಪ್ಪ," ಎಂದು ನನ್ನೆದುರೇ ಗದರುತ್ತಾರೆ. ಆದರೆ ಮಗ್ಗದಲ್ಲಿ ಉಳಿದ ರೇಷ್ಮೆಯ ತುಂಡು ಎಳೆಗಳನ್ನು ಕಟ್ಟು ಮಾಡಿ ಕೊಡುವವರೂ ಅವರೇ.

ಚೌಡೇಶರ ಗುಟ್ಟೆಲ್ಲ ಆ ಎಳೆಗಳಲ್ಲಿದೆ. ಈ ಎಂಜಿನ್ನಿನ ಹೊಟ್ಟೆ ಎರಡು ಹೋಳು, ಕ್ರ್ಯಾಂಕು ಅವುಗಳ ನಡುವೆ ತಿರುಗುತ್ತದೆ. ಬೆಸುಗೆಯಿಲ್ಲದ ಆ ಸಂದಿಗೆ ಅರಗು ಸವರಿ, ಉದ್ದಕ್ಕೂ ಒಂದೇ ಒಂದು ರೇಷ್ಮೆ ಎಳೆ ಮಲಗಿಸಿ ಬಿಗಿಯುತ್ತಾರೆ. ಲೋಹಕ್ಕೆ ಲೋಹ ತಾಕುತ್ತದೆ, ಎಣ್ಣೆ ಮಾತ್ರ ಹೊರಗೆ ಬರುವುದಿಲ್ಲ. "ಕಾಗ್ದ ಆಕುದ್ರೆ ಆ ದಪ್ಪಕ್ಕೇ ಸಂದಿ ಅಗ್ಲ ಆಯ್ತದೆ. ಕ್ರ್ಯಾಂಕು ಸಡ್ಲ ಆಗಿ ಬಡ್ಕತದೆ. ಮಗ್ಗದ ಮನೇಲುಟ್ಟಿದ ಕೈ ಸಾ, ಎಳೆ ದಪ್ಪ ಇದ್ಕೆ ಗೊತ್ತು."

ಬೆಂಗಳೂರಿನಲ್ಲಿ ಹಳೆಯ ಕಾರುಗಳ ಮೆರವಣಿಗೆ ಎಂದಾಗ ಶಿವರುದ್ರಸ್ವಾಮಿಯವರು ಬಣ್ಣ ಹೊಡೆಸಲು ಕಾರನ್ನು ಅಲ್ಲಿನ ದೊಡ್ಡ ವರ್ಕ್‌ಶಾಪಿಗೆ ಕಳಿಸಿದರು. ಬಣ್ಣ ಹೊಡೆದು ಸುಮ್ಮನಿರಬಾರದೇ ಆ ಪುಣ್ಯಾತ್ಮರು? ಎಂಜಿನ್ನನ್ನೂ ಬಿಚ್ಚಿದರು. ಎಳೆ ಕಂಡು, "ಯಾವನೋ ಎಂಜಿನ್ನಿಗೆ ಸೀರೆ ಉಡಿಸಿದ್ದಾನೆ!" ಎಂದು ನಕ್ಕರಂತೆ. ಕಿತ್ತೆಸೆದು ಕಾಗದ ಕತ್ತರಿಸಿ ಹಾಕಿದರು. ಮೂರು ಮೈಲಿಯ ಮೆರವಣಿಗೆಯನ್ನು ಕಾರು ಹೇಗೋ ಮುಗಿಸಿತು, ಬಹುಮಾನವೂ ಬಂತು. ಪತ್ರಿಕೆಯಲ್ಲಿ ಕಪ್ ಹಿಡಿದು ಹಲ್ಲುಬಿಟ್ಟವರು ವರ್ಕ್‌ಶಾಪಿನ ಮಾಲೀಕರು. 'ಎಂಜಿನ್ ಪುನರ್ನಿರ್ಮಾಣ' ಎಂದು ಅವರ ಹೆಸರಿನ ಹಿತ್ತಾಳೆ ಫಲಕವೂ ಡ್ಯಾಶ್‌ಬೋರ್ಡಿಗೆ ಏರಿತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು.

ವಾಪಸು ಬರುವಾಗ ಮಳವಳ್ಳಿ ದಾಟುವಷ್ಟರಲ್ಲಿ ಎಂಜಿನ್ನು ಬಡಿದುಕೊಂಡು ನಿಂತಿತು. ಲಾರಿಗೆ ಕಟ್ಟಿ ಎಳೆತಂದರು. ಶಿವರುದ್ರಸ್ವಾಮಿಯವರಿಂದ ಬೈಗುಳ ತಿಂದವರು ಚೌಡೇಶ. "ನಿನ್ ದಾರದ ಕೆಲ್ಸ ಕೈಕೊಡ್ತು ಅಂದ್ರು ಬುದ್ದಿಯೋರು. ಅವ್ರ ಮುಂದೇನೇ ಬಿಚ್ಚಿ ಕಾಗ್ದ ತೋರುಸ್ದೆ. ನೋಡುದ್ರು. ಸರಿ, ರಿಪೇರಿ ಮಾಡು ಅಂದ್ರು, ಅಷ್ಟೇಯ."

ನನಗೆ ತಡೆಯಲಾಗಲಿಲ್ಲ. ಯಳಂದೂರಿಗೆ ಹೋಗಿ ಶಿವರುದ್ರಸ್ವಾಮಿಯವರನ್ನೇ ಕೇಳಿದೆ, ಆ ಫಲಕ ತೆಗೆಸಬಾರದೇ ಎಂದು. ಕಾಫಿ ಕೊಟ್ಟು, ಬಹಳ ಸೌಜನ್ಯದಿಂದ ಹೇಳಿದರು: "ತೆಗೆದರೆ ನಾಲ್ಕು ತೂತು ಉಳಿಯುತ್ತಲ್ಲ, ನೋಡಕ್ಕೆ ಚೆನ್ನಾಗಿರಲ್ಲ." ಕಾಫಿಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

ಆ ಮಾತನ್ನು ಚೌಡೇಶರಿಗೆ ತಿಳಿಸಿದಾಗ ಅವರು ಮೂರನೆಯ ಬೇರಿಂಗು ಮುಗಿಸಿ ಸಂದಿಗೆ ಎಳೆ ಇಡುತ್ತಿದ್ದಾರೆ. ಈ ಸಲದ ಎಳೆ ಕೆಂಪು. ಸೀರೆಯ ಅಂಚಿಗೆಂದು ಇಟ್ಟಿದ್ದ ಹೊಸ ರೇಷ್ಮೆಯಿಂದ ಅನಸೂಯಮ್ಮ ತಾವಾಗಿಯೇ ಕಿತ್ತುಕೊಟ್ಟಿದ್ದಾರೆ. ತುದಿಗೆ ತಮ್ಮ ಮನೆಯ ಗಂಟನ್ನೂ ಹಾಕಿದ್ದಾರೆ. ಬೇರೆ ಮನೆಯ ನೇಕಾರರು ಹಾಗೆ ಹಾಕುವುದಿಲ್ಲವಂತೆ. ಆ ಗಂಟು ಸಂದಿಯಲ್ಲಿ ಸಿಕ್ಕದಂತೆ ಚೌಡೇಶ ಅದನ್ನು ಎಂಜಿನ್ನಿನ ಒಳಕ್ಕೆ ಇಳಿಬಿಡುತ್ತಾರೆ.

"ಮುಂದಕ್ಕೆ ಬಿಚ್ಚೋನ್ಗೆ ಗೊತ್ತಾಯ್ತದೆ ಬುಡಿ, ಇದು ಯಾರ ಮನೆ ಕೆಲ್ಸ ಅಂತ," ಎನ್ನುತ್ತಾರೆ ಚೌಡೇಶ.

"ಹಾಗಾದರೆ ಯಾರಾದರೂ ಬೇಗ ಬಿಚ್ಚಲಿ," ಎನ್ನುತ್ತೇನೆ ನಾನು, ಸಿಟ್ಟಿನಲ್ಲಿ.

ಸ್ಪ್ಯಾನರ್ ಕೆಳಗಿಟ್ಟು ನನ್ನನ್ನು ದಿಟ್ಟಿಸುತ್ತಾರೆ.

"ಬುಡ್ತು ಅನ್ನಿ ಸಾ! ಕೆಲ್ಸ ನೆಟ್ಟಗಿದ್ರೆ ಯಾರ್ ಯಾಕ್ ಬಿಚ್ಚಾರು? ನಮ್ಮವ್ವನ ಗಂಟು ಯಾರ್ ಕಣ್ಗೂ ಬೀಳ್ದೇ ಇರ್ಲಿ."