ಎರಡು ಬೀಗದ ಗುಂಡಿ

ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ರಸ್ತೆ ನಡುವಿನ ಕಬ್ಬಿಣದ ಮುಚ್ಚಳದ ಪಕ್ಕದಲ್ಲಿ ಒಬ್ಬರು ಕುಕ್ಕರಗಾಲಲ್ಲಿ ಕೂತಿದ್ದಾರೆ. ಬದಿಯಲ್ಲಿ ಟಾರ್ಚು, ವಾಲ್ವ್ ತಿರುಗಿಸುವ ಉದ್ದನೆಯ ಸಲಾಕೆ. ಮುಚ್ಚಳಕ್ಕೆ ಎರಡು ಬೀಗ. ಒಂದನ್ನು ತೆಗೆದಾಗಿದೆ. ಇನ್ನೊಂದರ ಬೀಗದಕೈ ಅವರ ಹತ್ತಿರ ಇಲ್ಲ.

ಕೆಳಬೀದಿಯ ಮೊದಲ ಮನೆಯ ಬಾಗಿಲು ತೆರೆಯುತ್ತದೆ. ಶಾಲು ಹೊದ್ದ ಹಿರಿಯ ಹೆಂಗಸೊಬ್ಬರು ಚಪ್ಪಲಿ ಎಳೆಯುತ್ತಾ ಬರುತ್ತಾರೆ.

"ದಿನಾ ನನಗಿಂತ ಮುಂಚೆ ಬಂದು ಕೂತು ನನ್ನ ಮರ್ಯಾದೆ ತೆಗೀತೀಯಲ್ಲೋ."

"ನಿದ್ದೆ ಬರಲ್ಲ ಅಕ್ಕ."

"ನನಗೆ ಬರುತ್ತೆ. ಅದೇ ಕಷ್ಟ."

ಅವರು ಎರಡನೇ ಬೀಗ ತೆಗೆಯುತ್ತಾರೆ. ಇಬ್ಬರೂ ಸೇರಿ ಮುಚ್ಚಳ ಸರಿಸುತ್ತಾರೆ. ಸಲಾಕೆ ಇಳಿಸುವ ಮುಂಚೆ ಆತ ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. ಕೆಳಬೀದಿಯ ವಾಲ್ವಿಗೆ ಹದಿನಾಲ್ಕು ಸುತ್ತು, ಮೇಲಿನ ಪೇಟೆಯದಕ್ಕೆ ಹತ್ತೊಂಬತ್ತು. ತಿರುಗಿಸಿದ ಮೇಲೂ ಅವರು ಏಳುವುದಿಲ್ಲ. ನಲ್ಲಿ ನೋಡಲು ಮರಳಿದ ಅಕ್ಕನ ದನಿ ಮನೆಯೊಳಗಿಂದ ಬರುತ್ತದೆ: "ಬಂತು!" ಆಮೇಲೆಯೇ ಮುಚ್ಚಳ ಹಾಕುವುದು.

ಊರಿನವರಿಗೆ ಅವರು ನೀರಣ್ಣ. ಐವತ್ತೊಂಬತ್ತು ವರ್ಷ. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ದಿನಕ್ಕೆ ಇಪ್ಪತ್ತಾರು ವಾಲ್ವ್, ನಡಿಗೆಯಲ್ಲಿ ಹನ್ನೊಂದು ಕಿಲೋಮೀಟರ್. ಬಲಭುಜ ಎಡಕ್ಕಿಂತ ಕೆಳಗೆ ಜೋತಿದೆ. "ದರ್ಜಿ ಹತ್ರ ಹೋದ್ರೆ ಎರಡು ತೋಳಿಗೂ ಬೇರೆ ಬೇರೆ ಅಳತೆ ತಗೋಬೇಕು" ಎಂದು ನಗುತ್ತಾರೆ. ಬೇರೆ ಗುಂಡಿಗಳಿಗೆಲ್ಲ ಒಂದೊಂದೇ ಬೀಗ. ಇದೊಂದಕ್ಕೆ ಮಾತ್ರ ಎರಡು. ಯಾಕೆಂದು ನಾನು ಕೇಳಿದಾಗ ಅವರು ಮುಚ್ಚಿಡಲಿಲ್ಲ.

ಒಂಬತ್ತು ವರ್ಷದ ಹಿಂದೆ ಮೇಲಿನ ಪೇಟೆಗೂ ಕೆಳಬೀದಿಗೂ ಗಲಾಟೆಯಾಯಿತು. ಯಾತಕ್ಕೆ ಶುರುವಾಯಿತೆಂದು ಈಗ ಯಾರಿಗೂ ಸರಿಯಾಗಿ ನೆನಪಿಲ್ಲ. ಅಂಗಡಿಗಳು ಸುಟ್ಟವು. ಒಂದು ಮಧ್ಯಾಹ್ನ ಮೇಲಿನ ಪೇಟೆಯ ಕೆಲವರು ನೀರಣ್ಣನ ಮನೆಗೆ ಬಂದು, ಕೆಳಬೀದಿಗೆ ನೀರು ನಿಲ್ಲಿಸು ಎಂದರು.

"ಹೊಡೀಲಿಲ್ಲ, ಬಡೀಲಿಲ್ಲ. ನನ್ನ ಮಗಳು ಯಾವ ದಾರೀಲಿ ಸ್ಕೂಲಿಗೆ ಹೋಗ್ತಾಳೆ ಅಂತ ವಿಚಾರಿಸಿದ್ರು, ಅಷ್ಟೇ. ನಾನು ಹೋಗಿ ಮುಚ್ಚಿದೆ. ಬೀದಿಯವರು ಕೇಳಿದ್ದಕ್ಕೆ ಪೈಪ್ ಒಡೆದಿದೆ ಅಂದೆ."

ಅರವತ್ತೆರಡು ಮನೆ. ನಾಲ್ಕು ದಿನ.

ಹೊಲಿಗೆ ಕೆಲಸದ ಈ ಅಕ್ಕನ ಗಂಡ ಆಗ ಕಾಯಿಲೆ ಬಿದ್ದಿದ್ದರು. ಮೂರನೇ ದಿನ ಅಕ್ಕ ದೂರದ ಬಾವಿಯ ಹತ್ತಿರ ಸರದಿಯಲ್ಲಿ ನಿಂತಿದ್ದಾಗ ಅವರು ತೀರಿಕೊಂಡರು.

"ನೀರಿಲ್ಲದೆ ಸತ್ರು ಅಂತ ನಾನು ಹೇಳಲ್ಲ. ಅವರಿಗೆ ಹೇಗೂ ಆಯಸ್ಸು ಇರಲಿಲ್ಲ. ಆದ್ರೆ ನಾನು ಪಕ್ಕದಲ್ಲಿರಬೇಕಿತ್ತು. ಕೊಡ ಹಿಡ್ಕೊಂಡು ನಿಂತಿದ್ದೆ." ಅವರು ಸೂಜಿಗೆ ದಾರ ಪೋಣಿಸುತ್ತಾರೆ.

ಗಲಾಟೆ ತಣ್ಣಗಾದ ಮೇಲೆ ನೀರಣ್ಣನಿಗೆ ಊಟ ಸೇರದಾಯಿತು. ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿ ಅಳುತ್ತಿದ್ದರು. ಐದಾರು ತಿಂಗಳು ಹೀಗೇ ನಡೆಯಿತು. ಒಂದು ದಿನ ಪಾದ್ರಿ ಪಕ್ಕದಲ್ಲಿ ಬಂದು ಕೂತರು.

"ಅವರು ಅಂದಿದ್ದು ಇಷ್ಟೇ: ದೇವರ ಹತ್ರ ಹೇಳಿದ್ದಾಯ್ತಲ್ಲಪ್ಪ. ನೀನು ನೀರು ನಿಲ್ಲಿಸಿದ್ದು ದೇವರ ಮನೆಗಲ್ಲವಲ್ಲ?"

ಮಾರನೇ ದಿನ ನೀರಣ್ಣ ಕೆಳಬೀದಿಯ ಈ ಅಕ್ಕನ ಬಾಗಿಲು ತಟ್ಟಿದರು. ಪೈಪ್ ಒಡೆದಿರಲಿಲ್ಲ, ನಾನೇ ಮುಚ್ಚಿದ್ದೆ ಎಂದರು. ಕ್ಷಮಿಸಿ ಎಂದು ಕೇಳಿದರು. ಆಮೇಲಿನದನ್ನು ಇಬ್ಬರೂ ಒಂದೇ ಥರ ಹೇಳುತ್ತಾರೆ.

"ಕ್ಷಮೆ ಹಾಗಿರ್ಲಿ" ಎಂದರಂತೆ ಅಕ್ಕ. "ನಾಳೆ ಮತ್ತೆ ಬಂದು ಹೆದರಿಸಿದ್ರೆ ಏನ್ಮಾಡ್ತೀಯ?"

ಮುಚ್ಚುವುದಿಲ್ಲ ಎನ್ನಲು ಬಾಯಿ ತೆರೆದರು. ಆದರೆ "ಮುಚ್ಚಿಬಿಡ್ತೀನಿ ಅನ್ಸುತ್ತೆ ಅಕ್ಕ" ಎಂದರು.

"ಆ ಮಾತಿಗೆ ಅವನ ಮೇಲೆ ನಂಬಿಕೆ ಬಂತು ನೋಡಿ" ಎನ್ನುತ್ತಾರೆ ಅಕ್ಕ. "ಧೈರ್ಯದ ಮಾತಾಡಿದ್ರೆ ಕದ ಹಾಕ್ತಿದ್ದೆ." ಒಳಗೆ ಹೋಗಿ ತಮ್ಮ ಪೆಟ್ಟಿಗೆಯ ಬೀಗ ಬಿಚ್ಚಿ ತಂದರು. ಇದನ್ನೂ ಮುಚ್ಚಳಕ್ಕೆ ಹಾಕು, ಬೀಗದಕೈ ನನ್ನ ಹತ್ತಿರ ಇರುತ್ತದೆ ಎಂದರು. ನೀರು ಸರಬರಾಜು ಕಚೇರಿಯ ಇಂಜಿನಿಯರಿಗೆ ವಿಷಯ ಗೊತ್ತಿದೆ. ಗೊತ್ತಿಲ್ಲದವರ ಹಾಗೆ ಇದ್ದಾರೆ.

ಅಂದಿನಿಂದ ಸಂಜೆ ನಿಲ್ಲಿಸುವುದಕ್ಕೂ ಬೆಳಿಗ್ಗೆ ಬಿಡುವುದಕ್ಕೂ ಇಬ್ಬರೂ ಬೇಕು. ಮೇಲಿನ ಪೇಟೆಯ ವಾಲ್ವ್ ಇರುವುದೂ ಅದೇ ಗುಂಡಿಯಲ್ಲಿ. ಗಂಡನ ಕೊನೆಯ ಗಳಿಗೆಯನ್ನು ಕಸಿದವರ ನೀರು ಅಕ್ಕನ ಕೈಗೆ ಬಂದಂತಾಯಿತು. ಒಂದು ದಿನ ಹೆಚ್ಚಿಗೆ ಮಲಗಿದ್ದರೆ ಸಾಕಿತ್ತು, ಅವರಿಗೂ ನೀರು ಬರುತ್ತಿರಲಿಲ್ಲ.

"ಮನಸ್ಸಿಗೆ ಬರಲಿಲ್ಲ ಅಂತ ಸುಳ್ಳು ಹೇಳಲ್ಲ. ಮೊದಲ ವರ್ಷ ದಿನಾ ಬರ್ತಿತ್ತು. ಚಪ್ಪಲಿ ಹಾಕ್ಕೊಳ್ಳೋವಾಗ ಹೋಗ್ತಿತ್ತು."

ಕಳೆದ ತಿಂಗಳು ಊರಲ್ಲಿ ಮತ್ತೆ ಮಾತು ಕೆಟ್ಟಿತು. ನಾಲ್ಕು ಜನ ಮತ್ತೆ ನೀರಣ್ಣನ ಮನೆಗೆ ಬಂದರು. ಅದೇ ಬೇಡಿಕೆ.

"ನಡೀರಿ, ಮುಚ್ಚೋಣ. ಆದ್ರೆ ಒಂದು ಬೀಗ ನಂದಲ್ಲ. ಕೆಳಬೀದಿ ಅಕ್ಕನ್ನ ಕೇಳಿ, ನಿಮ್ಮ ನೀರು ನಿಲ್ಲಿಸ್ಬೇಕು ಬೀಗದಕೈ ಕೊಡಿ ಅಂತ, ಅಂದೆ. ಒಡೀತೀವಿ ಅಂದ್ರು. ಒಡೀರಿ, ಇಷ್ಟು ವರ್ಷ ಅದೇ ಕೈ ನಿಮ್ಮ ಮನೆಗೂ ನೀರು ಬಿಟ್ಟಿದೆ ಅಂದೆ. ಅವರಿಗೆ ಅದು ಗೊತ್ತೇ ಇರಲಿಲ್ಲ."

ಒಬ್ಬ ಏನೋ ಗೊಣಗಿದ. ಹೋದರು.

"ಅವರು ಹೋದ ಮೇಲೆ ಹೆಂಡತಿ ಕುರ್ಚಿ ತಂದು ಕೂರಿಸಿದ್ಲು. ಹೆದರಿಕೆ ಹೋಗಿಲ್ಲ ನೋಡಿ. ಹೆದರಿಕೆ ಇಲ್ಲದ ದಿನ ಮಾಡಿಟ್ಟಿದ್ದು ಹೆದರಿದ ದಿನ ಕಾಪಾಡ್ತು. ವಿವೇಕ ಕೊಡು ಅಂತ ದೇವರನ್ನ ಎಷ್ಟು ಬೇಡಿದ್ದೆ. ಏನೋ ಬೆಳಕು ಬರುತ್ತೆ ಅಂದ್ಕೊಂಡಿದ್ದೆ. ತುಕ್ಕು ಹಿಡಿದ ಬೀಗ ಬಂತು."

ಮುಂಜಾನೆ ಕಣ್ಣು ಮುಚ್ಚಿ ಏನು ಬೇಡುತ್ತೀರಿ ಎಂದೆ. "ನನ್ನ ಮೇಲೆ ಒಂದು ಕಣ್ಣಿರಲಿ ಅಂತ. ಅಷ್ಟೇ. ಗುಂಡಿ ತೆರೆದಿರುತ್ತೆ, ಉದ್ದ ಪ್ರಾರ್ಥನೆಗೆ ಪುರುಸೊತ್ತೆಲ್ಲಿ?"

ವರ್ಷದ ಕೊನೆಗೆ ಅವರಿಗೆ ನಿವೃತ್ತಿ. ಹೊಸಬರು ಬಂದು, ಇದೇನು ತಲೆಹರಟೆ ಎಂದು ಎರಡನೇ ಬೀಗ ಕಿತ್ತುಹಾಕಿದರೆ? ಅದೊಂದೇ ಚಿಂತೆ. ಎರಡೂ ಬೀಗ ಇರಲಿ ಎಂದು ಕಚೇರಿಗೆ ಅರ್ಜಿ ಬರೆದಿದ್ದಾರೆ. ಕಾರಣ ಎಂಬಲ್ಲಿ ತಾವು ಮಾಡಿದ್ದನ್ನೇ ಬರೆದಿದ್ದಾರೆ. ಕೆಳಗೆ ಕೆಳಬೀದಿಯ ಅರವತ್ತೆರಡು ಮನೆಯ ಸಹಿ. ಕಳೆದ ವಾರ ಮೇಲಿನ ಪೇಟೆಯ ಹದಿನೇಳು ಮನೆಯವರೂ ಹಾಕಿದ್ದಾರೆ. ಆ ನಾಲ್ವರಲ್ಲಿ ಒಬ್ಬನ ತಾಯಿ ಮೊದಲು ಹಾಕಿದರಂತೆ.

ಅಕ್ಕ ನೀರಣ್ಣನನ್ನು ಕ್ಷಮಿಸಿದ್ದಾರೆಯೇ? ಕೇಳಿಯೇ ಬಿಟ್ಟೆ.

"ಎಂಟು ವರ್ಷದ ಮೇಲಾಯ್ತು, ದಿನಾ ಎದ್ದ ತಕ್ಷಣ ನೋಡೋದು ಅವನ ಮುಖಾನೇ. ಇಲ್ಲಿವರೆಗೆ ಯಾವ ದಿನವೂ ಕೆಟ್ಟಿಲ್ಲ. ಇನ್ನೇನು ಬಾಯಿಬಿಟ್ಟು ಹೇಳ್ಬೇಕೇನು?"

ಅದನ್ನು ನೀರಣ್ಣನಿಗೆ ಹೇಳಿದೆ. ಅವರು ಸಲಾಕೆಯನ್ನು ಭುಜಕ್ಕೇರಿಸಿಕೊಂಡರು. ಸ್ವಲ್ಪ ದೂರ ನಡೆದ ಮೇಲೆ ಹೇಳಿದರು: "ನಾನು ಮತ್ತೆ ಕೇಳಿಲ್ಲ. ದಿನಾ ಬೆಳಿಗ್ಗೆ ಒಳಗಿಂದ 'ಬಂತು' ಅಂತಾರಲ್ಲ, ನನಗೆ ಅಷ್ಟು ಕೇಳಿಸಿದ್ರೆ ಸಾಕು."